ಬಾಯಿ ಸೊಟ್ಟಗಾದ ಅರಸ

ಮಗಳು ಕಾಲೇಜಿಗೆಂದು ಪುಣೆಗೆ ಹೋದ ವರ್ಷ ಅದು. ಇಲ್ಲಿ ಕೊಲ್ಲಿ ದೇಶದಲ್ಲಿ ನನ್ನ ಗಂಡನಿಗೆ ಮರುಭೂಮಿಯ ಒಳಗೆ, ಎಣ್ಣೆಬಾವಿಗಳ ಕಡೆ ಕೆಲಸ. ತಿಂಗಳುಗಟ್ಟಲೆ ಕ್ಯಾಂಪಿನಲ್ಲೇ ಇದ್ದು, ರಜೆ ಸಿಕ್ಕಾಗ ಮನೆಗೆ ಬಂದು ಒಂದಷ್ಟು ದಿನ ಇದ್ದು ಹೋಗುತ್ತಿದ್ದರು. ಅಲ್ ಖೌದ್‌ನ ಫ್ಲ್ಯಾಟಿನಲ್ಲಿ ನಾನೊಬ್ಬಳೇ. ಬೆಳಿಗ್ಗೆ ಸೀಬ್ ಕಡೆಯ ಶಾಲೆಗೆ ಹೋಗಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಮಧ್ಯಾಹ್ನ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗಿನವರೆಗೆ ಎಸಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿಯೇ ಸೋರಿತು. ತಲೆಯೆತ್ತಿ ಕನ್ನಡಿ ನೋಡಿದೆ. ನನ್ನ ಮುಖದ ಅರ್ಧ ನನ್ನದಾಗಿ ಉಳಿದಿರಲಿಲ್ಲ. ಎಡಗಣ್ಣು ಮುಚ್ಚುತ್ತಿಲ್ಲ, ತುಟಿ ಬಲಕ್ಕೆ ಎಳೆದುಕೊಂಡಿದೆ. ಲಕ್ವಾ ಹೊಡೆಯಿತು ಎಂದುಕೊಂಡೆ. ಟ್ಯಾಕ್ಸಿ ಹಿಡಿದು ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರು ಕೈಕಾಲು ಎತ್ತಿಸಿ, ಹಣೆ ಸುಕ್ಕು ಮಾಡಿಸಿ ನೋಡಿ, "ಮಿದುಳಿನದಲ್ಲ, ಮುಖದ ನರದ್ದು. ಹೆಚ್ಚಿನವರಿಗೆ ವಾಸಿಯಾಗುತ್ತೆ. ಆದರೆ ಯಾವಾಗ ಅಂತ ಹೇಳಲಾರೆ" ಎಂದು ಹಿಂದಿಯಲ್ಲಿ ಹೇಳಿ ಮಾತ್ರೆ, ಕಣ್ಣಿಗೆ ಹನಿ ಬರೆದುಕೊಟ್ಟರು.

ಗಂಡನಿಗೆ ಫೋನ್ ಮಾಡಿದೆ.

"ನಾ ಬರ್ಲೇನು?" ಅಂದರು. "ರಿಲೀವರ್ ಬರೂತನಾ ಬಿಡಾಂಗಿಲ್ಲ ಇವ್ರು. ಆದ್ರೂ ಕೇಳಿ ನೋಡ್ತೀನಿ."

"ಬ್ಯಾಡ್ರಿ" ಅಂದೆ. ಅದು 'ವ್ಯಾಡ್ರಿ' ಎಂದು ಕೇಳಿಸಿರಬೇಕು.

ಮಗಳು "ಅಮ್ಮಾ, ಡೋಂಟ್ ವರಿ, ಇಟ್ ಗೋಸ್ ಅವೇ" ಎಂದು ಮುಖದ ವ್ಯಾಯಾಮದ ವಿಡಿಯೋಗಳನ್ನು ಕಳಿಸಿದಳು. ಇಬ್ಬರೂ ದಿನಾ ವಿಚಾರಿಸುತ್ತಿದ್ದರು. ಫೋನ್ ಇಟ್ಟ ಮೇಲೆ ಮತ್ತೆ ನಾನು, ಕನ್ನಡಿ.

ರಜೆ ಮುಗಿಸಿ ಶಾಲೆಗೆ ಹೋಗಿ ನೋಡಿದೆ. ತುಟಿ ಕೂಡಿದರೆ ಮಾತ್ರ ಬರುವ ಅಕ್ಷರಗಳು ನನ್ನನ್ನು ಬಿಟ್ಟುಹೋಗಿದ್ದವು. ಚಾಲುಕ್ಯರ ಪಾಠ. ಬಾಗಲಕೋಟೆ ಜಿಲ್ಲೆಯವಳಾದ ನಾನು ಬಾದಾಮಿಗೆ 'ವಾದಾವಿ' ಅಂದೆ. ಮಕ್ಕಳು ನಗಲಿಲ್ಲ, ತಲೆ ತಗ್ಗಿಸಿದರು. ನಕ್ಕಿದ್ದರೆ ಚೆನ್ನಾಗಿತ್ತು. ಪ್ರಿನ್ಸಿಪಾಲರು ಇನ್ನಷ್ಟು ರಜೆ ತೆಗೆದುಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ಅಂದಿನಿಂದ ಹೊರಗೆ ಕಾಲಿಟ್ಟರೆ ಮಾಸ್ಕ್ ಹಾಕಿಕೊಂಡೆ. ಕನ್ನಡದವರು ಸೇರುವ ಕಡೆಗೂ ಹೋಗುವುದನ್ನು ಬಿಟ್ಟೆ. ಅವರ ಮರುಕವನ್ನು ಹೊತ್ತುಕೊಂಡು ಮನೆಗೆ ಬರುವಷ್ಟು ಶಕ್ತಿ ನನ್ನಲ್ಲಿರಲಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಟರ್ಕಿಯ ಮುದುಕಿಯೊಬ್ಬರಿದ್ದರು. ಮಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರು. ಗಂಡ ತೀರಿಕೊಂಡ ಮೇಲೆ ಮಗ ಅವರನ್ನು ತನ್ನ ಹತ್ತಿರ ಕರೆಸಿಕೊಂಡಿದ್ದ. ಅವನು ಕೆಲಸಕ್ಕೆ ಹೋದರೆ ಅವರಿಗೂ ಇಡೀ ದಿನ ಗೋಡೆಗಳೇ ಗತಿ. ಅವರಿಗೆ ಇಂಗ್ಲಿಷ್ ನಾಲ್ಕಾರು ಮಾತು, ಅರಬ್ಬಿ ಪ್ರಾರ್ಥನೆಯಷ್ಟೇ. ಮೆಟ್ಟಿಲಲ್ಲಿ ಎದುರಾದಾಗ ತಲೆಯಾಡಿಸಿ ನಗುವುದಷ್ಟೇ ನಮ್ಮ ಪರಿಚಯ.

ಒಂದು ದಿನ ಹಾಗೆ ಎದುರಾದಾಗ ನಾನು ತಲೆಯಾಡಿಸಿದೆ, ನಗಲಿಲ್ಲ. ಅವರು ದಾರಿ ಬಿಡದೆ ನಿಂತರು. ನನ್ನ ಮಾಸ್ಕನ್ನು ಬೆರಳಿನಿಂದ ಮೆಲ್ಲಗೆ ಕೆಳಗೆ ಎಳೆದು ಮುಖ ನೋಡಿದರು. ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ಏನೋ ಒಂದು ಮಾತು ಹೇಳಿ ನನ್ನ ಎಡಗೆನ್ನೆಯ ಮೇಲೆ ಅಂಗೈ ಇಟ್ಟರು. ಆ ಕೆನ್ನೆಯನ್ನು ನಾನೇ ಮುಟ್ಟಿಕೊಳ್ಳುವುದನ್ನು ಬಿಟ್ಟು ಎಷ್ಟೋ ದಿನವಾಗಿತ್ತು. ಮೆಟ್ಟಿಲ ಮೇಲೆಯೇ ಅತ್ತುಬಿಟ್ಟೆ.

ಆಮೇಲೆ ಅವರು ದಿನವೂ ಮೇಲೆ ಬರತೊಡಗಿದರು. ಮೊಬೈಲಿನ ಅನುವಾದದ ಆ್ಯಪ್ ನಮ್ಮ ನಡುವಿನ ದುಭಾಷಿ. ಅವರು ಟರ್ಕಿಶ್‌ನಲ್ಲಿ ಹೇಳಿದ್ದನ್ನು ಅದು ತನಗೆ ತಿಳಿದ ಹಾಗೆ ಕನ್ನಡ ಮಾಡುತ್ತಿತ್ತು. ನನ್ನ ಮಾತು ಮಾತ್ರ ಅದಕ್ಕೆ ತಿಳಿಯುತ್ತಿರಲಿಲ್ಲ, ನಾನು ಟೈಪ್ ಮಾಡಬೇಕಿತ್ತು. ಅವರೂ ಶಾಲೆಯಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರೆಂದು ಹಾಗೆಯೇ ಗೊತ್ತಾಯಿತು. ನನ್ನನ್ನು 'ಕಿಜಿಮ್' ಅನ್ನುತ್ತಿದ್ದರು. ಮಗಳೇ ಎಂದರ್ಥ. ನಾನು ಅವರನ್ನು 'ತೇಯ್ಜೆ' ಎಂದು ಕರೆದೆ, ಚಿಕ್ಕಮ್ಮ. ಅದರಲ್ಲಿ ತುಟಿ ಕೂಡಬೇಕಾದ ಅಕ್ಷರವೇ ಇಲ್ಲ, ಸಲೀಸಾಗಿ ಬರುತ್ತಿತ್ತು.

ನಾನು ರೊಟ್ಟಿ ಬಡಿಯುವುದನ್ನು ಅವರು ಬೆರಗಿನಿಂದ ನೋಡುತ್ತಿದ್ದರು. ಡಬ್ಬಿ ತೋರಿಸಿ "ಹಿಟ್ಟು" ಎಂದು ಕಲಿಸಿದ್ದೆ. ಒಂದು ಸಂಜೆ ಅವರು ಬಂದು ಕುಳಿತವರೇ ನನ್ನ ಬಾಯಿಯತ್ತ ಕೈ ತೋರಿಸಿ ಉತ್ಸಾಹದಿಂದ "ಹಿತಿತ್! ಹಿತಿತ್!" ಅಂದರು. ರೊಟ್ಟಿ ತಿನ್ನುವ ಮನಸ್ಸಾಗಿದೆ ಎಂದುಕೊಂಡು ಜೋಳದ ಹಿಟ್ಟಿನ ಡಬ್ಬಿ ತಂದು ಮುಂದಿಟ್ಟೆ. ಅವರು ಡಬ್ಬಿಯನ್ನು ನೋಡಿದರು, ನನ್ನನ್ನು ನೋಡಿದರು. ಮೊಬೈಲ್ ತೆಗೆದು ಮಾತಾಡಿದರು. ಅದು ಗಂಭೀರವಾಗಿ, "ನಾನು ನಿನಗೆ ಹಿಟ್ಟೈಟ್ ರಾಜನ ಕಥೆಯನ್ನು ತಂದಿದ್ದೇನೆ" ಎಂದಿತು. ಇಬ್ಬರೂ ನಕ್ಕೆವು. ನನ್ನ ನಗು ಒಂದೇ ಕಡೆಗೆ ಹೋಗುತ್ತಿತ್ತು. ಹೋದರೆ ಹೋಗಲಿ ಎನ್ನಿಸಿತು.

ಅವರ ಊರು ಹಿಟ್ಟೈಟರ ಹಳೆಯ ರಾಜಧಾನಿಯ ಪಕ್ಕದಲ್ಲೇ ಇತ್ತು. ಪ್ರತಿ ವಸಂತದಲ್ಲಿ ಮಕ್ಕಳನ್ನು ಆ ಹಾಳುಕೋಟೆಗೆ ಕರೆದುಕೊಂಡು ಹೋಗಿ ಪಾಠ ಮಾಡಿದವರು ಅವರು. ಮೂರು ಸಾವಿರ ವರ್ಷಗಳಿಗೂ ಹಿಂದೆ ಈಜಿಪ್ಟಿನವರಿಗೆ ಸರಿಸಮವಾಗಿ ನಿಂತ ದೊಡ್ಡ ರಾಜ್ಯ ಅದು ಎಂದು ನಾನೂ ಓದಿದ್ದೆ, ಅಷ್ಟೇ. ಅವರು ಹೇಳಿದ್ದು ಮುರ್ಶಿಲಿ ಎಂಬ ಅರಸನ ವಿಷಯ. ತಂದೆ ಪ್ರತಾಪಿ. ಅವನೂ ಅವನ ಹಿಂದೆಯೇ ಹಿರಿಯ ಮಗನೂ ಸತ್ತು, ಈ ಕಿರಿಯವನು ಪಟ್ಟಕ್ಕೆ ಬಂದ. ಸುತ್ತಲಿನ ಶತ್ರುಗಳು ಹುಡುಗ ಎಂದು ಹಂಗಿಸಿದರು. ಊರಲ್ಲಿ ಸಾಂಕ್ರಾಮಿಕ, ಜನ ಸಾಯುತ್ತಲೇ ಇದ್ದರು. ಹೆಂಡತಿಯೂ ಹೋದಳು.

ಒಮ್ಮೆ ಅವನು ರಥದಲ್ಲಿ ಹೋಗುತ್ತಿದ್ದಾಗ ಸಿಡಿಲು ಗುಡುಗಿನ ಮಳೆ ಹಿಡಿಯಿತು. ಅವನು ಬೆದರಿದ, ಬಾಯಲ್ಲಿ ಮಾತು ಒಣಗಿತು. ಆ್ಯಪ್ ಇದನ್ನು "ಅವನ ಮಾತು ಚಿಕ್ಕದಾಯಿತು" ಎಂದು ಹೇಳಿತು. ನಾನು ತಡೆದು ಕೇಳಿದೆ, ಹಾಗೆಯೇ ಇದೆಯೇ? ತೇಯ್ಜೆ ಹೌದೆಂದರು, ಅರಸನೇ ಹಾಗೆ ಬರೆಸಿದ್ದಾನಂತೆ. ಕಾಲ ಕಳೆಯಿತು, ಅವನು ಅದನ್ನು ಮರೆತ. ಮತ್ತೆ ಕನಸಿಗೆ ಬಂತು. ಕನಸಿನಲ್ಲಿ ದೇವರ ಕೈ ಮುಟ್ಟಿತು, ಬಾಯಿ ಒಂದು ಪಕ್ಕಕ್ಕೆ ಹೋಯಿತು.

"ಮತ್ತೇನು ಮಾಡಿದ?" ಎಂದು ಟೈಪ್ ಮಾಡಿದೆ.

ಶಕುನ ಕೇಳಿಸಿದನಂತೆ. ಸಿಡಿಲಿನ ದೇವರಿಗೆ ಸಿಟ್ಟು ಬಂದಿದೆ ಎಂದು ಉತ್ತರ ಬಂತು. ತನ್ನ ಬದಲಿಗೆಂದು ಒಂದು ಎತ್ತನ್ನು ಸಿಂಗರಿಸಿ, ಅದರ ಮೇಲೆ ಕೈಯಿಟ್ಟು, ದೂರದ ಗುಡಿಗೆ ಕಳಿಸಿದ. ಆ ಗುಡುಗಿನ ದಿನ ತೊಟ್ಟಿದ್ದ ಬಟ್ಟೆ, ಏರಿದ್ದ ರಥ, ಹೂಡಿದ್ದ ಕುದುರೆ, ಎಲ್ಲವನ್ನೂ ಅದರ ಜೊತೆ ಕಳಿಸಿಬಿಟ್ಟ.

"ಗುಣವಾಯಿತೇ?"

ತೇಯ್ಜೆ ಮನಸ್ಸು ಮಾಡಿದ್ದರೆ ಆಯಿತು ಎನ್ನಬಹುದಿತ್ತು. ಮೊಬೈಲಿಗೆ ನಿಧಾನವಾಗಿ ಹೇಳಿದರು. ಅದು ನನಗೆ ಹೇಳಿತು: "ಅದು ಬರೆದಿಲ್ಲ. ಆದರೆ ಅವನು ಬಹಳ ವರ್ಷ ಆಳಿದನು."

ಅವರು ಹೋದ ಮೇಲೆ ಆ ಅರಸನನ್ನೇ ನೆನೆಯುತ್ತ ಕುಳಿತೆ. ಅಷ್ಟು ದೊಡ್ಡ ಅರಮನೆ, ಸುತ್ತ ಅಷ್ಟು ಜನ. ಅಪ್ಪಣೆ ಕೊಡಬೇಕಾದವನಿಗೇ ಮಾತು ಬಾರದು. ಅವನಿಗೂ ಯಾರ ಎದುರೂ ಬಾಯಿ ತೆರೆಯುವುದು ಬೇಡ ಎನ್ನಿಸಿದ ದಿನಗಳಿದ್ದವೇನೋ. ನನ್ನ ಬಳಿ ಎತ್ತಿಲ್ಲ, ರಥವಿಲ್ಲ. ಮರುದಿನ ಮಾಸ್ಕ್ ಇಲ್ಲದೆ ಕೆಳಗಿನ ಅಂಗಡಿಗೆ ಹೋಗಿ ಹಾಲು ತಂದೆ. ಅಂಗಡಿಯವನು ನೋಡಿದ. ನೋಡಿ ಚಿಲ್ಲರೆ ಕೊಟ್ಟ. ಅಷ್ಟೇ.

ತುಟಿ ತೀರ ನಿಧಾನವಾಗಿ ಮರಳಿತು. ಮೊದಲು 'ಮ' ಬಂತು. ತೇಯ್ಜೆಯನ್ನು ಕೂರಿಸಿಕೊಂಡು "ಅಮ್ಮ, ಅಮ್ಮ" ಎಂದು ಹೇಳಿ ತೋರಿಸಿದೆ. ಅವರು ಚಪ್ಪಾಳೆ ತಟ್ಟಿದರು.

ಅಷ್ಟರಲ್ಲಿ ಅವರೇ ಮಂಕಾಗುತ್ತ ಬಂದಿದ್ದರು. ಮಗನ ಕಾಂಟ್ರಾಕ್ಟ್ ಮುಂದುವರಿದಿತ್ತು. ಅಮ್ಮ ಇಲ್ಲೇ ಇರಲಿ ಎಂದು ಅವನ ಆಸೆ. ಒಂದು ದಿನ ಅವರು ಮೊಬೈಲಿಗೆ ಪಿಸುಮಾತಿನಲ್ಲಿ ಹೇಳಿದರು, ಅದು ಗಟ್ಟಿಯಾಗಿ ಒದರಿತು: "ನಾನು ಇಲ್ಲಿ ಸತ್ತರೆ ನನ್ನ ಗಂಡ ಅಲ್ಲಿ ಒಬ್ಬನೇ ಮಲಗಿರುತ್ತಾನೆ."

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳಿದ ಬೈಬಲ್ ಕಥೆಯೊಂದು ನೆನಪಾಗಿ ಟೈಪ್ ಮಾಡಿದೆ. ಹೆಂಡತಿ ಸಾರಾ ತೀರಿಕೊಂಡಾಗ ಅಬ್ರಹಾಮನು ಪರದೇಶಿ. ಹೂಳಲು ಅಂಗೈಯಗಲ ನೆಲವಿಲ್ಲ. ಅವನು ಆ ಊರಿನ ಹಿತ್ತಿಯರ ಮುಂದೆ ಬಾಗಿ, ನಾನು ನಿಮ್ಮಲ್ಲಿ ಪರದೇಶಿ, ಸತ್ತವಳನ್ನು ಇಡಲು ಒಂದು ಜಾಗ ಕೊಡಿ ಎಂದು ಕೇಳಿಕೊಂಡ. ಕೊನೆಗೆ ತಾನೂ ಅವಳ ಪಕ್ಕದಲ್ಲೇ ಮಲಗಿದ.

ತೇಯ್ಜೆ ಕಣ್ಣರಳಿಸಿದರು. "ಇಬ್ರಾಹಿಂ? ನಮ್ಮ ಹಿಟ್ಟೈಟರನ್ನು ಕೇಳಿದನೇ? ಕೊಟ್ಟರೇ?"

"ಕೊಟ್ಟರು."

ಆ ಹಿತ್ತಿಯರೂ ಈ ಹಿಟ್ಟೈಟರೂ ಒಂದೇ ಜನ ಹೌದೋ ಅಲ್ಲವೋ ಎಂದು ಪಂಡಿತರಲ್ಲಿ ತಕರಾರಿದೆ. ಅದನ್ನು ನಾನು ಹೇಳಲಿಲ್ಲ. ಬಹುಶಃ ಅವರಿಗೂ ಗೊತ್ತಿತ್ತು. ಅವರು ತುಂಬ ಹೊತ್ತು ಕಿಟಕಿಯ ಆಚೆಯ ಬೋಳುಗುಡ್ಡಗಳನ್ನು ನೋಡುತ್ತ ಕುಳಿತು, ಆಮೇಲೆ ಎದ್ದು ಕೆಳಗೆ ಹೋಗಿ ಮಗನೊಡನೆ ಮಾತಾಡಿದರು. ಕೂಗಾಟ ಕೇಳಿಸಲಿಲ್ಲ. ವಾರ ಕಳೆಯುವುದರೊಳಗೆ ಅವರ ಊರಿಗೆ ಟಿಕೆಟ್ ಆಯಿತು.

ಏರ್‌ಪೋರ್ಟಿಗೆ ನಾನೂ ಹೋದೆ. ಒಳಗೆ ಹೋಗುವ ಮುನ್ನ ಅವರು ನನ್ನ ಎರಡೂ ಕೆನ್ನೆ ಹಿಡಿದು ನೋಡಿದರು, ಯಾವುದು ಕೆಟ್ಟಿತ್ತೋ ಅದಕ್ಕೆ ಮುತ್ತು ಕೊಟ್ಟರು.

ಶಾಲೆಗೆ ಮರಳಿದೆ. ಮೊದಲು ಮುಚ್ಚದಿದ್ದ ಎಡಗಣ್ಣು ಈಗ ನಕ್ಕಾಗ ತಾನೇ ಮುಚ್ಚಿಕೊಳ್ಳುತ್ತದೆ, ಅದು ಇನ್ನು ಹಾಗೆಯೇ ಅಂತೆ. ಗಂಡ ರಜೆಗೆ ಬಂದವರು ಬಾಗಿಲಲ್ಲೇ ನಿಂತು ಮುಖವನ್ನೇ ನೋಡಿ, "ಫೋನಿನ್ಯಾಗ ಇಷ್ಟು ತಿಳೀಲಿಲ್ಲ ನೋಡು" ಅಂದರು. ಅವರಿದ್ದಷ್ಟು ದಿನ ಮನೆ ತುಂಬಿತ್ತು. ಕ್ಯಾಂಪಿನ ಬಸ್ಸು ಬಂದು ಅವರನ್ನು ಕರೆದುಕೊಂಡು ಹೋಯಿತು.

ಚಳಿಗಾಲದಲ್ಲಿ ಒಂದು ದಿನ ತೇಯ್ಜೆಯ ವಿಡಿಯೋ ಕರೆ ಬಂತು. ಅವರು ಹಿಟ್ಟೈಟರ ಆ ಹಾಳುಕೋಟೆಯ ಬಾಗಿಲಲ್ಲಿ ನಿಂತಿದ್ದರು. ಹಿಂದೆ ಕಲ್ಲಿನ ಸಿಂಹ, ಅದರ ತಲೆಯ ಮೇಲೆ ಹಿಮ. ಗಾಳಿಯ ಸದ್ದಿಗೆ ಮಾತು ಅರ್ಧಂಬರ್ಧ, ನಡುವೆ ಆ್ಯಪ್ ಕೂಡ ಇಲ್ಲ. ಅವರು ಟರ್ಕಿಶ್‌ನಲ್ಲಿ ಹೇಳುತ್ತ ಹೋದರು, ನಾನು ಕನ್ನಡದಲ್ಲಿ ಉತ್ತರಿಸುತ್ತ ಹೋದೆ. "ಶಾಲಿ ಛಂದ ನಡದೈತಿ. ನಿಮ್ಮ ಮಗ ಆರಾಮ ಅದಾನ. ನೀವು ಕಿವಿಗೆ ಏನರೆ ಕಟ್ಟಿಕೋರಿ, ಥಂಡಿ ಐತಿ" ಅಂದೆ. ಅವರು ತಲೆಯಾಡಿಸಿದರು. ಅಷ್ಟರಲ್ಲಿ ನೆಟ್ ಹೋಯಿತು. ಮತ್ತೆ ಬರಬಹುದೆಂದು ಮೊಬೈಲ್ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆ.