ಗಂಡನ ಹೆಸರಿನ ಜಾಗದಲ್ಲಿ ಅಣ್ಣನ ಹೆಸರು

೨೦೧೮ರ ಜುಲೈ ತಿಂಗಳು. ಕೊಪ್ಪಳ ಜಿಲ್ಲೆಯಾದ ೧೯೯೭ರಲ್ಲೇ ಕರಿಕೋಟು ಹಾಕಿದ ನಾನು, ಜಮೀನು, ಜೀವನಾಂಶ, ವಿಮೆಯ ದಾವೆಗಳಲ್ಲಿ ಇಪ್ಪತ್ತೊಂದು ವರ್ಷ ಕಳೆದಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ತಡ. ತಿದ್ದಿಕೊಳ್ಳಮ್ಮ ಎಂದು ನನ್ನ ಹಿರಿಯ ವಕೀಲರು ಹೇಳುತ್ತಲೇ ಇದ್ದರು. ಈ ಪ್ರಕರಣ ಮುಗಿದ ಮೇಲೆ ತಿದ್ದಿಕೊಳ್ಳುವ ಯೋಚನೆಯನ್ನೇ ಬಿಟ್ಟೆ. ಇದನ್ನು ಬರೆಯಲು ಕಕ್ಷಿದಾರಳ ಒಪ್ಪಿಗೆ ಇದೆ, ಹೆಸರುಗಳನ್ನು ಮಾತ್ರ ಬದಲಿಸಿದ್ದೇನೆ.

ಕುಷ್ಟಗಿ ತಾಲೂಕಿನ ಒಂದು ಹಳ್ಳಿಯ ದುರುಗವ್ವ ತನ್ನ ಅಣ್ಣನ ಜೊತೆ ನನ್ನ ಕಚೇರಿಗೆ ಬಂದಳು. ಗಂಡ ಹನುಮಪ್ಪ ಕುರಿ ಹಿಂಡಿನ ಹಿಂದೆ ವರ್ಷದಲ್ಲಿ ಎಂಟು ತಿಂಗಳು ಊರೂರು ತಿರುಗುವವನು. ಇವಳು ಊರಿನ ಸರ್ಕಾರಿ ಶಾಲೆಯಲ್ಲಿ ಹನ್ನೊಂದು ವರ್ಷದಿಂದ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ ಅವಳಿಗೆ ಟಿಬಿ, ಅಂದರೆ ಕ್ಷಯ, ಬಂದಿತ್ತು. ಗಿಣಿಗೇರಾದ ಕಾರ್ಖಾನೆಯಲ್ಲಿ ದುಡಿಯುವ ಅಣ್ಣ ಯಂಕಪ್ಪ ರಜೆ ಹಾಕಿ ಅವಳನ್ನು ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಗೆ ತೋರಿಸಿದ್ದ. ಆರು ತಿಂಗಳು ತವರಿನಲ್ಲೇ ಇದ್ದು, ಒಂದು ದಿನವೂ ತಪ್ಪಿಸದೆ ಗುಳಿಗೆ ನುಂಗಿ, ಪೂರ್ತಿ ಗುಣವಾದ ಮೇಲೆಯೇ ಅಡುಗೆಗೆ ಮರಳಿದ್ದಳು. ಗಂಡನ ಮನೆಯ ಊರಿನಲ್ಲಿ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಹಿಟ್ಟಿನ ಗಿರಣಿಯಲ್ಲಿ. ಆಗ ತನ್ನದೇ ಫೋನಿಲ್ಲದ ದುರುಗವ್ವ ಆಸ್ಪತ್ರೆಗೆ ಮೈದುನನ ನಂಬರು ಕೊಟ್ಟಿದ್ದಳು. ಗಿರಣಿ ನಡೆಸುವ ಅವನು ಗದ್ದಲದಲ್ಲಿ ಕೇಳಲೆಂದು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವವನು. ಜೋಳದ ಡಬ್ಬಿ ಹಿಡಿದು ಹತ್ತಾರು ಹೆಂಗಸರು ಸಾಲಿನಲ್ಲಿ ನಿಂತಿದ್ದಾಗ ಔಷಧಿ ಪುಡಿ ಮಾರುವವನೊಬ್ಬನ ಕರೆ ಬಂತು. "ಯಂಕಪ್ಪನವರ ಹೆಂಡತಿ ದುರುಗವ್ವ ಅವರ ನಂಬರಾ? ಅವರ ಟಿಬಿಗೆ ನಮ್ಮ ಎದೆಪುಡಿ ಕಳಿಸಿಕೊಡ್ತೀವಿ." ಸಾಲಿನಲ್ಲಿದ್ದವರು ಮೊದಲು ನಕ್ಕರು, ಆಮೇಲೆ ಡಬ್ಬಿ ಎತ್ತಿಕೊಂಡು ದೂರ ಸರಿದರು. ಸಂಜೆಯೊಳಗೆ ಊರೆಲ್ಲ ಸುದ್ದಿ. ಮೂರನೇ ದಿನ ಶಾಲಾ ಸಮಿತಿಯ ಅಧ್ಯಕ್ಷ ಅಡುಗೆಮನೆಯ ಹೊರಗೇ ನಿಂತು, "ನಾಳಿಂದ ಬರಬ್ಯಾಡವಾ. ಇದು ಹುಡುಗುರ ಅನ್ನ" ಅಂದ. ಹೆಡ್‌ಮಾಸ್ತರರು ನೆಲ ನೋಡುತ್ತ ನಿಂತಿದ್ದರಂತೆ.

"ಅಕ್ಕಾರ, ನನ್ನ ಹೆಸರು ಹ್ಯಾಂಗ ಬೀದಿಗೆ ಬಿತ್ತೋ, ಅವನ ಹೆಸರೂ ಹಂಗ ಬೀಳಬೇಕ್ರಿ," ಅಂದಳು ದುರುಗವ್ವ.

"ಯಾರ ಹೆಸರು?"

"ಯಾರು ಹೇಳ್ಯಾರೋ ಅವರದು."

ತೊಡಕು ಇದ್ದದ್ದೇ ಅಲ್ಲಿ. ಟಿಬಿ ರೋಗಿಯ ಮಾಹಿತಿ ಆಸ್ಪತ್ರೆಯಲ್ಲಿರುತ್ತದೆ, ಲ್ಯಾಬಿನಲ್ಲಿರುತ್ತದೆ, ಔಷಧಿ ಅಂಗಡಿಯಲ್ಲಿರುತ್ತದೆ, ಸರ್ಕಾರಿ ಕಚೇರಿಗೂ ಹೋಗಿರುತ್ತದೆ. ಎಲ್ಲಿಂದ ಸೋರಿತು ಎಂದು ತೋರಿಸದಿದ್ದರೆ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ನಾನು ತಲೆ ಕೆಡಿಸಿಕೊಂಡು ಕೂತಿದ್ದಾಗ ಅವಳು ದನಿ ತಗ್ಗಿಸಿದಳು.

"ಎಲ್ಲಾ ಬರೀರಿ. ಅಣ್ಣನ್ನ ನನ್ನ ಗಂಡ ಅಂದ್ರಲ್ಲ, ಅದೊಂದು ಮಾತ್ರ ಬರೀಬ್ಯಾಡ್ರಿ."

ಯಂಕಪ್ಪ ಎದ್ದು ಹೊರಗೆ ಹೋದ. ಕೆದಕಿ ಕೇಳಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದಾಗ ಇವಳು ಬಾಯಿ ಬಿಟ್ಟಿರಲಿಲ್ಲ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಅಣ್ಣ ಚೀಟಿ ತರಲು ಹೋಗಿದ್ದ. ಬೇಸತ್ತ ಗುಮಾಸ್ತ, "ಕರಕೊಂಡು ಬಂದವರ ಹೆಸರರೆ ಹೇಳವ್ವ" ಅಂದಿದ್ದಾನೆ. ಇವಳು "ಯಂಕಪ್ಪ" ಅಂದಿದ್ದಾಳೆ. ಅವನು ಅದನ್ನೇ ಗಂಡನ ಹೆಸರಿನ ಜಾಗದಲ್ಲಿ ತುಂಬಿದ್ದಾನೆ. ಅವಳ ರೇಷನ್ ಕಾರ್ಡು, ಆಧಾರ್, ಮತದಾರರ ಪಟ್ಟಿ ಎಲ್ಲದರಲ್ಲೂ ಗಂಡ ಹನುಮಪ್ಪನೇ. ಸರ್ಕಾರಿ ಕಚೇರಿಗೆ ಹೋದ ವಿವರ, ಲ್ಯಾಬಿನ ರಸೀತಿ, ಔಷಧಿ ಅಂಗಡಿಯ ಬಿಲ್ಲು ಎಲ್ಲವೂ ಆಮೇಲೆ ಆಧಾರ್ ನೋಡಿ ಬರೆದವು. ಯಂಕಪ್ಪ ಅವಳ ಗಂಡನಾಗಿದ್ದುದು ಭೂಮಿಯ ಮೇಲೆ ಒಂದೇ ಒಂದು ಕಂಪ್ಯೂಟರಿನಲ್ಲಿ.

ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ನೀನು ಮುಚ್ಚಿಡು ಅನ್ನುವುದೇ ನಮಗಿರುವ ಏಕೈಕ ಸಾಕ್ಷಿ ಎಂದು ಹೇಳಿದೆ.

"ಅದನ್ನ ಕೋರ್ಟಿನ್ಯಾಗ ಓದ್ತಾರೇನ್ರಿ?"

"ಎಲ್ಲರ ಮುಂದ ಓದ್ತಾರ. ಆ ಕಡೆ ವಕೀಲ ನಕ್ಕರೂ ನಗಬಹುದು."

ಎದ್ದು ಹೋದಳು. ನಾಲ್ಕು ದಿನದ ಮೇಲೆ ಒಬ್ಬಳೇ ಬಂದಳು. "ಓದ್ರಿ. ಊರಾಗ ಹೆಂಗೂ ನಕ್ಕಾರ. ಅವ ಎಷ್ಟೊತ್ತು ನಗ್ತಾನ ನೋಡೂನು."

ಇಂಥ ಪೆಟ್ಟು ತಿಂದವರಿಗಾಗಿ ಮುಂದಿನದನ್ನು ಬಿಡಿಸಿ ಬರೆಯುತ್ತೇನೆ. ಆಸ್ಪತ್ರೆಗೆ ಫೋನ್ ಮಾಡಿ ಬೈಯಲು ಯಂಕಪ್ಪ ತುದಿಗಾಲಲ್ಲಿ ನಿಂತಿದ್ದ. ನಾನು ಬಿಡಲಿಲ್ಲ. ಬೈದರೆ ಅವರು ಮೊದಲು ಆ ತಪ್ಪು ಹೆಸರನ್ನೇ ತಿದ್ದುತ್ತಿದ್ದರು. ಪುಡಿಯವನು ಕರೆಯ ಜೊತೆ ವಿಳಾಸ ಖಾತ್ರಿಪಡಿಸಲು ವಾಟ್ಸಾಪಿನಲ್ಲೂ ಬರೆದಿದ್ದ: ದುರುಗವ್ವ, ಗಂಡ ಯಂಕಪ್ಪ, ಊರು, ಕಾಯಿಲೆ, ಚಿಕಿತ್ಸೆ ಶುರುವಾದ ದಿನ. ಅದನ್ನು ಅಳಿಸಿಹಾಕೆಂದು ದುರುಗವ್ವ ಮೈದುನನಿಗೆ ಕೈಮುಗಿದಿದ್ದಳಂತೆ. ನಾನು ವಿಚಾರಿಸಿದಾಗ ಅವನು, "ಅಳಸೂದು ನನಗ ಬರಂಗಿಲ್ಲರಿ, ಹಂಗ ಐತಿ" ಅಂದ. ಆ ದಡ್ಡತನಕ್ಕೆ ನಾನು ಇಂದಿಗೂ ಋಣಿ. ಫೋನನ್ನೇ ಸಾಕ್ಷ್ಯವಾಗಿ ಇಟ್ಟುಕೊಂಡೆ.

ಆಮೇಲೆ ದುರುಗವ್ವನ ಹೆಬ್ಬೆಟ್ಟಿನಲ್ಲಿ ಆಸ್ಪತ್ರೆಗೆ ಒಂದು ಸವಿಸವಿಯಾದ ಪತ್ರ ಬರೆದೆ. ರೋಗಿ ತನ್ನ ದಾಖಲೆಗಳನ್ನು ಕೇಳಿದರೆ ಎಪ್ಪತ್ತೆರಡು ಗಂಟೆಯೊಳಗೆ ಕೊಡಬೇಕೆಂಬ ನಿಯಮ ವೈದ್ಯರಿಗಿದೆ. ಮುಂದಿನ ಚಿಕಿತ್ಸೆಗೆ ಬೇಕು, ದಯವಿಟ್ಟು ಕೊಡಿ ಎಂದೆ. ಸಹಿ, ಮೊಹರು ಹಾಕಿ ಕೊಟ್ಟರು. ಮೊದಲ ಪುಟದಲ್ಲೇ ಗಂಡನ ಹೆಸರು ಯಂಕಪ್ಪ. ಆ ಕಾಗದ ಕೈಗೆ ಬಂದ ದಿನ ನಾನು ಮನೆಯಲ್ಲಿ ಹೋಳಿಗೆ ಮಾಡಿಸಿದೆ.

ಮೊಹರು ಒಣಗುವ ಮೊದಲೇ ಪೊಲೀಸರಿಗೆ ದೂರು ಕೊಟ್ಟೆವು. ಜಿಲ್ಲಾ ಗ್ರಾಹಕರ ವೇದಿಕೆಯಲ್ಲಿ ಸೇವಾ ಲೋಪದ ದಾವೆ ಹೂಡಿದೆವು. ಆರೋಗ್ಯದಂಥ ಸೂಕ್ಷ್ಮ ಮಾಹಿತಿಯನ್ನು ಕಾಯದೆ ಬಿಟ್ಟವರು ಹೊಣೆಗಾರರೆಂದು ಆಗಿನ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿತ್ತು, ಅದನ್ನೂ ಎತ್ತಿ ಹೇಳಿದೆ. ಈಗ ಕಾನೂನು ಬದಲಾಗುತ್ತಿದೆ, ಆದರೆ ಸಾಕ್ಷಿ ಕೂಡಿಡುವ ಕೆಲಸ ಅಂದಿನಂತೆಯೇ ಉಳಿದಿದೆ.

ಆಸ್ಪತ್ರೆಯ ವಕೀಲರು ನಿರೀಕ್ಷಿಸಿದಂತೆಯೇ ವಾದಿಸಿದರು: ಮಾಹಿತಿ ಎಲ್ಲಿಂದಾದರೂ ಹೋಗಿರಬಹುದು, ನಮ್ಮ ಮೇಲೆ ಹೊರಿಸಲು ಏನಾಧಾರ? ನಾನು ವಾಟ್ಸಾಪ್ ಪ್ರತಿಯನ್ನೂ ಮೊಹರಿನ ಪುಟವನ್ನೂ ಅಕ್ಕಪಕ್ಕ ಇಟ್ಟೆ. ವೇದಿಕೆಯ ಅಧ್ಯಕ್ಷರು ಎರಡನ್ನೂ ಓದಿ ದುರುಗವ್ವನ ಕಡೆ ನೋಡಿದರು.

"ಯಂಕಪ್ಪ ನಿನ್ನ ಗಂಡನಾ?"

"ಅವ ನಮ್ಮಣ್ಣರಿ. ಇವರ ದವಾಖಾನಿಯಾಗ ಮಾತ್ರ ನನ್ನ ಗಂಡ ಅದಾನ."

ಯಾರೂ ನಗಲಿಲ್ಲ. ಆ ವಕೀಲರು ತಮ್ಮ ಫೈಲಿನಲ್ಲಿ ಇಲ್ಲದ್ದನ್ನು ಹುಡುಕತೊಡಗಿದರು. ನನಗೆ ಎಷ್ಟು ಖುಷಿಯಾಯಿತೆಂದು ಮುಚ್ಚಿಡುವುದಿಲ್ಲ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ರೋಗಿಗಳ ಪಟ್ಟಿಯನ್ನೇ ಪುಡಿಯವನಿಗೆ ಕೊಟ್ಟಿದ್ದ ಎಂಬುದು ಪೊಲೀಸ್ ತನಿಖೆಯಲ್ಲಿ ಹೊರಬಂತು. ಪಾಸ್‌ವರ್ಡ್ ಅನ್ನು ಚೀಟಿಯಲ್ಲಿ ಬರೆದು ಪರದೆಗೇ ಅಂಟಿಸಿದ್ದರಂತೆ.

ಮರುವರ್ಷ ಆಸ್ಪತ್ರೆಯ ಮಾಲೀಕ ಡಾಕ್ಟರು ರಾಜಿಗೆ ಬಂದರು. ಪರಿಹಾರದ ಮೊತ್ತ ಹೇಳಿದರು. ದುರುಗವ್ವ ಅಷ್ಟೇ ಸಾಲದೆಂದು ತಲೆಯಾಡಿಸಿದಳು.

"ರೊಕ್ಕ ಅಕ್ಕಾರ ನೋಡ್ಕೊಂತಾರ. ನೀವು ನಮ್ಮೂರ ಕನ್ನಡ ಸಾಲಿಗೆ ಬರ್ರಿ. ತಪ್ಪು ಯಾರದು ಅಂತ ಮಂದಿ ಮುಂದ ಹೇಳ್ರಿ. ಆಮ್ಯಾಲೆ ನಾ ಮಾಡಿದ್ದು ಉಣ್ರಿ."

ಡಾಕ್ಟರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಬೇರೇನಾದರೂ ಕೇಳಮ್ಮ ಅಂದರು. ಬೇಡವಾದರೆ ವೇದಿಕೆಯ ಆದೇಶವೇ ಆಗಲಿ, ಅದು ಪತ್ರಿಕೆಗೂ ಬರಲಿ ಎಂದೆ. ಅವರು ಊಟವನ್ನು ಆರಿಸಿಕೊಂಡರು. ರಾಜಿ ಪತ್ರದಲ್ಲಿ ಅನ್ನ ಸಾರು ಎಂದು ನಾನು ಬರೆದದ್ದು ಅದೊಂದೇ ಸಲ.

ಡಾಕ್ಟರು ಶಾಲೆಗೆ ಬಂದ ದಿನ ನಾನೂ ಹೋಗಿದ್ದೆ. ಡಾಕ್ಟರು ಸಮಿತಿಯವರ, ಪಾಲಕರ ಮುಂದೆ ನಿಂತು ಕಾಗದ ಓದಿದರು: ಇವರು ಎರಡು ವರ್ಷದ ಹಿಂದೆಯೇ ಪೂರ್ತಿ ಗುಣವಾಗಿದ್ದಾರೆ, ಅಡುಗೆ ಮಾಡಲು ಯಾವ ತೊಂದರೆಯೂ ಇಲ್ಲ, ಇವರ ವಿವರ ಸೋರಿದ್ದು ನಮ್ಮ ಆಸ್ಪತ್ರೆಯಿಂದ. ಓದುವಾಗ ಕೊನೆಯ ಸಾಲಿನಲ್ಲಿ ದನಿ ಇಳಿಯಿತು. "ಕೇಳಸ್ಲಿಲ್ರಿ," ಅಂದಳು ದುರುಗವ್ವ. ಮತ್ತೆ ಓದಿಸಿದಳು.

ಆಮೇಲೆ ಹುಡುಗರ ಸಾಲಿನಲ್ಲಿ ಅವರನ್ನು ಕೂರಿಸಿ, ಪಕ್ಕದಲ್ಲಿ ಸಮಿತಿ ಅಧ್ಯಕ್ಷನನ್ನೂ ಕೂರಿಸಿದಳು. ಎರಡು ತುತ್ತಿಗೇ ಡಾಕ್ಟರು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಅವಳು ಸೌಟು ಹಿಡಿದು ನಿಂತೇ ಇದ್ದಳು. ಕೊನೆಗೆ ಅವರೇ ಕೈ ತೆಗೆದರು. ಅವಳು ಬಡಿಸಿದಳು. ಇಬ್ಬರೂ ತಟ್ಟೆ ಬರಿದು ಮಾಡುವವರೆಗೂ ಅಲ್ಲಿಂದ ಕದಲಲಿಲ್ಲ. ಮರುದಿನ ಮತ್ತೆ ಅವಳೇ ಶಾಲೆಯ ಒಲೆ ಹಚ್ಚಿದಳು.

ಗೆದ್ದ ಕಕ್ಷಿದಾರರು ಸಾಮಾನ್ಯವಾಗಿ ಕೈಮುಗಿದು ಹೋಗುತ್ತಾರೆ. ಅಂದು ಶಾಲೆಯ ಗೇಟಿನ ಬಳಿ, "ಈಗ ಸಮಾಧಾನ ಆತೇನವ್ವ?" ಎಂದು ಕೇಳಿದೆ.

"ಎಲ್ಲಿ ಆಗತೈತ್ರಿ? ಆ ಪಟ್ಟಿಯಾಗ ನಾ ಒಬ್ಬಾಕಿನ ಏನ್ರಿ ಇದ್ದಾಕಿ?"

ನನಗೆ ನಾಚಿಕೆಯಾಯಿತು. ಅಷ್ಟು ಓದಿದ ನಾನು ಅದನ್ನು ಕೇಳಿರಲೇ ಇಲ್ಲ. ಸಿಟ್ಟು ತಣಿಸಿಕೋ ಎಂದು ಕಕ್ಷಿದಾರರಿಗೆ ಹೇಳುವುದು ವಕೀಲರ ಕೆಲಸವಲ್ಲ, ಅವರ ಸಿಟ್ಟು ಎಲ್ಲಿಯವರೆಗೆ ಹೋಗಬಲ್ಲದೋ ಅಲ್ಲಿಯವರೆಗೆ ಕಾಗದ ಹೊತ್ತು ಹೋಗುವುದು ನಮ್ಮ ಕೆಲಸ ಎಂದು ನಾನು ಕಲಿತದ್ದು ಆ ಗೇಟಿನಲ್ಲಿ. ಮರುದಿನವೇ ಆಸ್ಪತ್ರೆಗೆ ಇನ್ನೊಂದು ನೋಟಿಸು ಸಿದ್ಧಪಡಿಸಿದೆ: ಪಟ್ಟಿಯಲ್ಲಿದ್ದ ಪ್ರತಿಯೊಬ್ಬ ರೋಗಿಗೂ, ನಿಮ್ಮ ವಿವರ ನಮ್ಮಿಂದ ಸೋರಿದೆ ಎಂದು ನೀವೇ ಪತ್ರ ಬರೆಯಬೇಕು.

ಹೆಬ್ಬೆಟ್ಟು ಒತ್ತುವ ಮೊದಲು ದುರುಗವ್ವ ಒಂದು ಮಾತು ಸೇರಿಸಲು ಹೇಳಿದಳು. "ಪಾಕೀಟು ಅಂಟಿಸಿ ಕಳಸಬೇಕಂತ ಬರೀರಿ, ಅಕ್ಕಾರ. ಅವರವರ ಕೈಯಾಗ ಕೊಡಬೇಕು ಅಂತ."