ಗುಡಿಸದ ಮನೆ

ಪಂಜಾಬಿಗೆ ಬಂದ ಮರುದಿನ ಬೆಳಿಗ್ಗೆಯೇ ಪಕ್ಕದ ಮನೆಯವಳ ಕೈಯಿಂದ ಕಸಬರಿಗೆ ಕಿತ್ತುಕೊಂಡೆ. ಯಜಮಾನರು ವಿಮಾನ ಹಾರಿಸಲು ಆಗಷ್ಟೇ ಹೊರಟಿದ್ದರು. ಹೊಸಬಳಿಗೆ ಸಹಾಯ ಮಾಡೋಣವೆಂದು ಬಂದ ಸುರ್ಜೀತ್, ಅವರ ಸೈಕಲ್ಲು ತಿರುವು ದಾಟುವ ಮೊದಲೇ ನಮ್ಮ ಮನೆ ಗುಡಿಸತೊಡಗಿದ್ದಳು.

ನನ್ನ ತವರು ಸೊರಬದಲ್ಲಾಗಲಿ, ಅವರ ಶಿಕಾರಿಪುರದಲ್ಲಾಗಲಿ ಹೊರಟವರ ಬೆನ್ನಿಗೇ ಯಾರು ಗುಡಿಸುತ್ತಾರೆ? ಹೆಣ ಎತ್ತಿದ ಮನೆಯನ್ನು ಹಾಗೆ ಗುಡಿಸುತ್ತಾರೆ. ಊರಲ್ಲಿ ಗಂಡಸರು ಹೋಗುವುದು ಸಂತೆಗೆ, ಕಚೇರಿಗೆ. ಇಲ್ಲಿ ದಿನವೂ ಆಕಾಶಕ್ಕೆ. ಹಾಗಾಗಿ ಅವರು ಮರಳುವವರೆಗೆ ನಾನು ಕಸಬರಿಗೆ ಮುಟ್ಟುತ್ತಿರಲಿಲ್ಲ. ಲೂ ಎಂಬ ಬಿಸಿಗಾಳಿ ತಂದು ಸುರಿದ ಮರಳು ಸಂಜೆಯವರೆಗೂ ನೆಲದ ಮೇಲೆಯೇ ಇರುತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು ಇದು. ಅನ್ನ ಉಂಡು ಬೆಳೆದ ನನಗೆ ಗೋಧಿ ರೊಟ್ಟಿ ಲಟ್ಟಿಸಲು ಕಲಿಸಿದವಳು ಸುರ್ಜೀತ್. ನನ್ನ ಹರಕು ಹಿಂದಿಯಲ್ಲಿ ಗುಡಿಸದ ಕಾರಣ ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅವಳ ಗಂಡನೂ ಪೈಲಟ್ಟೇ.

ಒಂದು ದಿನ ವಾಯುಪಡೆಯ ಜೀಪು ನಮ್ಮ ಬೇಲಿ ದಾಟಿ ಮುಂದೆ ಹೋಗಿ ಅವಳ ಬಾಗಿಲಲ್ಲಿ ನಿಂತಿತು. ಅವಳ ಗಂಡನ ವಿಮಾನ ಹೊಲದಲ್ಲಿ ಬಿದ್ದು ಅವನು ತೀರಿಕೊಂಡಿದ್ದ. ಕ್ವಾರ್ಟರ್ಸು ಖಾಲಿ ಮಾಡಲು ಟ್ರಂಕು ತುಂಬುತ್ತಿದ್ದವಳು ತಲೆ ಎತ್ತದೆ ಕೇಳಿದಳು, "ಅವತ್ತೂ ಗುಡಿಸಿದ್ದೆ. ಅದಕ್ಕೇನಾ?"

ಇಲ್ಲ ಎನ್ನುವಷ್ಟು ಹಿಂದಿ ನನಗೆ ಬರುತ್ತಿತ್ತು. ಅವಳು ನಂಬುವಂತೆ ಹೇಳುವಷ್ಟು ಬರುತ್ತಿರಲಿಲ್ಲ. ಅವಳು ಹೋದ ಮೇಲೆ ಆ ಊರಲ್ಲಿ ನನ್ನನ್ನು ಮಾತಾಡಿಸುವವರೇ ಇಲ್ಲವಾದರು.

ಯಜಮಾನರು ಮೇಲೇರಿದರು. ಮೊದಲು ಒಂದು ಸ್ಕ್ವಾಡ್ರನ್ನು, ಆಮೇಲೆ ಒಂದು ವಾಯುನೆಲೆ, ವರ್ಷಗಳ ಮೇಲೆ ಇಡೀ ವಾಯುಪಡೆಯೇ ಅವರ ಕೈಗೆ ಬಂತು. ತಾವು ಹಾರುವುದು ನಿಂತು, ಹಾರುವವರನ್ನು ಕಳಿಸುವುದೇ ಅವರ ಕೆಲಸವಾಯಿತು. ದೆಹಲಿಯ ಬಂಗಲೆಯಲ್ಲಿ ಅವರ ಕಾರು ಗೇಟು ದಾಟುವಷ್ಟರಲ್ಲಿ ಆಳುಗಳು ಗುಡಿಸಿ ಮುಗಿಸಿರುತ್ತಾರೆ. ಬೇಡವೆನ್ನುವುದನ್ನು ನಾನು ಎಂದೋ ಬಿಟ್ಟಿದ್ದೇನೆ.

ಮೊನ್ನೆ ಶಿಕಾರಿಪುರದಲ್ಲಿ ಅವರಿಗೆ ಸನ್ಮಾನವಾಯಿತು. ನಾವು ದೆಹಲಿಗೆ ಹೊರಡುವಾಗ ಅತ್ತೆಯ ಮನೆಯ ಪಡಸಾಲೆಯ ತುಂಬ ಹಾರದಿಂದ ಉದುರಿದ ಹೂವು. ಅತ್ತೆ ಅದನ್ನು ಹಾಗೇ ಬಿಟ್ಟು ಕೂತಿದ್ದರು.

"ಗುಡಿಸ್ಬಿಡವ್ವ," ಎಂದು ಇವರು ನಕ್ಕರು. "ಈಗ ಹಾರೋನು ನಾನಲ್ಲ."

"ಹಂಗಾರೆ ಹಾರೋ ಹುಡುಗ್ರು ವಾಪಸ್ ಬರ್ಲಿ," ಎಂದರು ಅತ್ತೆ. "ಆಮ್ಯಾಲೆ ಗುಡಿಸ್ತೀನಿ."

ದೆಹಲಿ ತಲುಪಿದಾಗ ನಮ್ಮ ಬಂಗಲೆಯ ನೆಲ ಹೊಳೆಯುತ್ತಿತ್ತು. ಹುಡುಗರು ಇನ್ನೂ ಆಕಾಶದಲ್ಲಿರುವಾಗಲೇ ಗುಡಿಸಿದ ಆ ನೆಲದ ಮೇಲೆ ಕಾಲಿಡಲು ನನಗೆ ಹೆದರಿಕೆಯಾಯಿತು. ಶಿಕಾರಿಪುರಕ್ಕೆ ಹಿಂತಿರುಗಿ, ಅವರಿಗಾಗಿ ಕಾಯುತ್ತ ಬಿದ್ದಿರುವ ಆ ಹೂವು ನೋಡುವ ಧೈರ್ಯವೂ ನನಗಿಲ್ಲ.