ಅಂಗಾತ ಬೀಳುವ ಗಾಡಿ

ಮಾನ್ವಿಯಲ್ಲಿ ಡೀಸೆಲ್ ಎಂಜಿನ್ ಪಾಠ ಹೇಳುವ ಸಂಘಮಿತ್ರಾ ಮೇಡಂ ರವಿವಾರವಾದರೆ ಕಂಪ್ಯೂಟರ್ ಆಟದ ಮಂಗಳ ಗ್ರಹದಲ್ಲಿರುತ್ತಾರೆ. ಆಟ ಶುರುವಾಗುವಾಗ ಪುಕ್ಕಟೆ ಸಿಗುವ ಗಾಡಿಯ ಮೂತಿ ಹಗುರ, ಹಿಂಭಾಗ ಭಾರ. ಅದರ ದೀಪ ದಾರಿ ಬಿಟ್ಟು ಆಕಾಶ ತೋರಿಸುತ್ತದೆ, ದಿಬ್ಬ ಹತ್ತಿಸಿದರೆ ಗಾಡಿ ಅಂಗಾತ ಬೀಳುತ್ತದೆ. ಎಲ್ಲರೂ ವಾರದೊಳಗೆ ಬಿಸಾಡುವ ಅದನ್ನೇ ಮೇಡಂ ಮೂರು ವರ್ಷದಿಂದ ಓಡಿಸುತ್ತಾ, “ಐಬು ಗೊತ್ತಿದ್ದ ಗಾಡಿ ಮೋಸ ಮಾಡಂಗಿಲ್ರಿ” ಎನ್ನುತ್ತಾರೆ. ಮೊನ್ನೆ ದೇವದುರ್ಗದಿಂದ ಅದೇ ಆಟ ಜೊತೆಗೆ ಆಡುವ ಗೆಳತಿ ಅನುರಾಧಾಳ ದೊಡ್ಡ ಗಾಡಿ ಆಟದೊಳಗಿನ ಬೆಟ್ಟದ ಮೇಲೆ ಕೆಟ್ಟು ನಿಂತಿತು. ಉಸಿರಿಗೆ ನಾಲ್ಕೇ ನಿಮಿಷದ ಗಾಳಿಯಿತ್ತು; ಆಟದಲ್ಲಿ ಸತ್ತರೆ ಆಕೆ ಅಲ್ಲಿ ಕಟ್ಟಿದ್ದೆಲ್ಲ ಅಳಿಸಿಹೋಗುತ್ತಿತ್ತು. “ಗಾಬರಿ ಆಗಬ್ಯಾಡ, ಬರಾಕತ್ತೀನಿ” ಎಂದ ಮೇಡಂ ಗಾಡಿ ತಿರುಗಿಸಿ, ಭಾರದ ಹಿಂಭಾಗವನ್ನೇ ಮುಂದುಮಾಡಿ ರಿವರ್ಸಿನಲ್ಲೇ ಬೆಟ್ಟ ಹತ್ತಿ, ಗೆಳತಿಯನ್ನು ಮೂತಿಯ ಮೇಲೆ ಕೂರಿಸಿಕೊಂಡು ಇಳಿದರು. ಕೆಳಗೆ ಬಂದ ಮೇಲೆ ಅನುರಾಧಾ, “ಅಕ್ಕಾ, ಒಮ್ಮೆ ನಾ ಓಡಸ್ಲಾ?” ಎಂದಳು. ಮೇಡಂ ಗಾಡಿಯನ್ನು ಓಡಿಸಲು ಕೊಡಿ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಮೇಡಂ ಮುಖ ತುಂಬ ನಗುತ್ತಾ ಸೀಟು ಬಿಟ್ಟುಕೊಟ್ಟರು.